ಬೂಟಜ್ಜನ ಎಡಗಾಲು

ನನ್ನ ಹಳೆಯ ಜೊತೆಗಾರನೇ,

ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇವತ್ತು ಸೋಮವಾರ, ನಮ್ಮ ವಾರದ ಒಂದೇ ಬಿಡುವು. ಎದುರಿನ ಮೆಷಿನ್ನಿನಲ್ಲಿ ನನ್ನ ಆರು ಬಿಳಿ ಅಂಗಿಗಳು ಉರುಳಾಡುತ್ತಿವೆ. ಹೊಸ ಜೊತೆಗಾರ ಎರಡು ಕುರ್ಚಿ ಆಚೆ ಕೂತು ಆಕಳಿಸುತ್ತಿದ್ದಾನೆ. ಪಾಪ, ಅವನೂ ಏನು ಮಾಡಿಯಾನು? ನಮ್ಮ ಮಾರ್ಮನ್ ಸಭೆಯಲ್ಲಿ ಒಬ್ಬ ಮಿಷನರಿ ಇನ್ನೊಬ್ಬನ ಕಣ್ಣಳತೆ ಬಿಟ್ಟು ಹೋಗುವ ಹಾಗಿಲ್ಲವಲ್ಲ. ಯಾರಿಗೆ ಬರೀತಿದೀಯ ಅಂತ ಕೇಳಿದ. ಅಮ್ಮನಿಗೆ ಅಂದೆ. ನೋಡು, ಮೊದಲ ಸಾಲಿಗೇ ಒಂದು ಸುಳ್ಳು. ಆದರೆ ನಾನು ಬರೆಯಲು ಕೂತಿರುವುದು ಇದಕ್ಕಿಂತ ದೊಡ್ಡ ಸುಳ್ಳಿನ ವಿಷಯ. ಇ-ಮೇಲ್ ಮಾಡಲು ಧೈರ್ಯ ಬರಲಿಲ್ಲ, ಒಂದು ಗುಂಡಿ ಒತ್ತಿ ಮುಗಿಸುವ ಮಾತಲ್ಲ ಇದು.

ಹೋದ ವಾರ ನಿನ್ನ ಪತ್ರ ಬಂತು. ನಿನ್ನ ಅಕ್ಕನ ಮಗಳಿಗೆ ಎಂಟು ತುಂಬುತ್ತದಂತೆ, ಬರುವ ತಿಂಗಳ ಕೊನೆಯ ಶನಿವಾರ ಅವಳ ದೀಕ್ಷಾಸ್ನಾನವಂತೆ. "ಮಾವನೇ ನನ್ನ ನೀರಲ್ಲಿ ಮುಳುಗಿಸ್ಬೇಕು, ಬೇರೆ ಯಾರೂ ಬೇಡ" ಅಂತ ಹಟ ಹಿಡಿದು ಕೂತಿದ್ದಾಳಂತೆ. ನೀನು ಆಗುವುದಿಲ್ಲ ಅಂದಿದ್ದೀಯ. "ನನ್ನ ಕೈ ಆ ಕೆಲಸಕ್ಕೆ ಯೋಗ್ಯ ಅಲ್ಲ ಅಂತ ದೇವರು ಅವತ್ತೇ ತೋರಿಸಿಕೊಟ್ಟ ಕಣೋ" ಅಂತ ಬರೆದಿದ್ದೀಯ. ಭಾನುವಾರದ ಸಭೆಗೂ ಹೋಗುವುದು ಕಡಿಮೆ ಮಾಡಿದ್ದೀಯಂತೆ.

ಹೇಳುವುದನ್ನು ಮೊದಲಿಂದಲೇ ಹೇಳುತ್ತೇನೆ. ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು. ಸ್ವಲ್ಪ ಅಲ್ಲ ಮಾರಾಯ, ಬುಟ್ಟಿಗಟ್ಟಲೆ. ಇಬ್ಬರೂ ಒಂದೇ ಅಂಗಡಿಯ ಟೈ ಕಟ್ಟುತ್ತಿದ್ದೆವು, ಒಂದೇ ನಮೂನೆಯ ಕಪ್ಪು ಹೆಸರು ಪಟ್ಟಿ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದೆವು. ನಾನು ತಟ್ಟಿದ ಬಾಗಿಲು ಮುಚ್ಚುತ್ತಿತ್ತು, ನೀನು ತಟ್ಟಿದ ಬಾಗಿಲಲ್ಲಿ "ಬಿಸಿಲಲ್ಲಿ ಯಾಕೆ ನಿಂತಿದೀರಪ್ಪಾ, ಒಳಗೆ ಬನ್ನಿ" ಅನ್ನುತ್ತಿದ್ದರು. ನಾಯಿಗಳು ಕೂಡ ನನಗೆ ಬೊಗಳಿ ನಿನಗೆ ಬಾಲ ಅಲ್ಲಾಡಿಸುತ್ತಿದ್ದವು. ನಿನ್ನ ಅಮ್ಮನ ಪತ್ರ ವಾರ ವಾರ ಹತ್ತು ಪುಟ, ನನ್ನ ಅಮ್ಮನದು ಅರ್ಧ ಪುಟ, ಅದರಲ್ಲೂ ಕಾಲು ಭಾಗ ಹಲ್ಲು ಉಜ್ಜುವ ಬಗ್ಗೆ. ನಾನು ಆರೂವರೆಗೆ ಎದ್ದು ಗ್ರಂಥಕ್ಕೆ ಕೆಂಪು ಗೆರೆ ಎಳೆಯುತ್ತಿದ್ದರೆ ನೀನು ಅಲಾರಂ ಮೇಲೆ ದಿಂಬು ಒತ್ತಿ ಮಲಗಿರುತ್ತಿದ್ದೆ. ಆಮೇಲೆ ಎದ್ದು ಮಂಡಿಯೂರಿ, ಪಕ್ಕದ ಮನೆಯವರ ಹತ್ತಿರ ಹರಟುವ ಹಾಗೆ ದೇವರ ಹತ್ತಿರ ಮಾತಾಡುತ್ತಿದ್ದೆ. ಆತ ನಿನಗೆ ಉತ್ತರ ಕೊಡುತ್ತಿದ್ದಾನೆ ಅಂತ ನಿನ್ನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು. ನನ್ನ ಪ್ರಾರ್ಥನೆ ಅರ್ಜಿ ಬರೆದ ಹಾಗಿರುತ್ತಿತ್ತು. ನಿನ್ನನ್ನು ನೋಡಿ ನನ್ನ ನಂಬಿಕೆ ಗಟ್ಟಿಯಾಗಬೇಕಿತ್ತು, ಆದರೆ ಹೊಟ್ಟೆ ಉರಿಯಿತು.

ಬೂಟಜ್ಜನನ್ನು ಹುಡುಕಿದ್ದು ಯಾರು ಹೇಳು? ನಾನು. ಬೀದಿ ಸುತ್ತಿ ಸುತ್ತಿ ಅಟ್ಟೆ ಕಿತ್ತುಹೋಗಿದ್ದು ನನ್ನ ಬೂಟಿನದು, ಮೆಟ್ಟಿಲ ಕೆಳಗಿನ ಆ ಗೂಡಿನಂಥ ರಿಪೇರಿ ಅಂಗಡಿಗೆ ಬಗ್ಗಿ ಮೊದಲು ತಲೆ ಹಾಕಿದ್ದೂ ನಾನು. ಮೀಸೆ ಸರಿಯಾಗಿ ಮೂಡದ ನಮ್ಮನ್ನು ಸಭೆಯವರು ಎಲ್ಡರ್, ಅಂದರೆ ಹಿರಿಯರು, ಅಂತ ಕರೆಯುತ್ತಾರೆ ಅಂದಾಗ ಅಜ್ಜ ಬಾಯಲ್ಲಿದ್ದ ಮೊಳೆ ಉದುರುವಷ್ಟು ನಕ್ಕಿದ್ದರು. "ಹಂಗಾದ್ರೆ ನಾನು ಇನ್ನೂ ತೊಟ್ಟಿಲಲ್ಲಿದೀನಿ ಬಿಡಿ" ಅಂದಿದ್ದರು. ಅವತ್ತೇ ನನಗೆ ಮೇಷ್ಟ್ರು ಅಂತ, ನಿನಗೆ ನಗೋ ಹುಡುಗ ಅಂತ ಹೆಸರಿಟ್ಟರು. ಐದು ತಿಂಗಳು ನಾನು ಪಾಠ ಹೇಳಿದೆ. ನೀನೋ, ಸ್ಟೂಲಿನ ಮೇಲೆ ಕೂತು ಅಜ್ಜನ ದಾರಕ್ಕೆ ಮೇಣ ಉಜ್ಜುತ್ತಿದ್ದೆ. ಕೊನೆಗೆ ಅಜ್ಜ ದೀಕ್ಷಾಸ್ನಾನಕ್ಕೆ ಒಪ್ಪಿದಾಗ ನಾನು ಎದೆಯುಬ್ಬಿಸಿ ಕಾಯುತ್ತಿದ್ದೆ. ಅವರು ದಬ್ಬಳದಿಂದ ನಿನ್ನ ಕಡೆ ತೋರಿಸಿದರು.

"ನೀರಿಗೆ ಈ ನಗೋ ಹುಡುಗನೇ ಇಳಿಸ್ಲಿ. ಭಯ ಆದ್ರೆ ಇವನ ಮುಖ ನೋಡ್ಕೋತೀನಿ. ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ನೀವು ತುಂಬಾ ಓದಿದೀರ."

ಓದಿದ್ದೀರ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಮೇಲೆ ಈ ಸಮಾಧಾನ ಬೇರೆ. ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಹಲ್ಲುನೋವು ಅಂದೆ. ನೀನು ನಂಬಿ ಔಷಧಿ ಅಂಗಡಿ ಹುಡುಕಿದೆ.

ಅಜ್ಜನ ಭಯ ಸಣ್ಣದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಅಣ್ಣ ಹೊಳೆಯಲ್ಲಿ ಮುಳುಗಿದ್ದನ್ನು ಕಣ್ಣಾರೆ ಕಂಡವರು, ಅರವತ್ತು ವರ್ಷ ಮುಖಕ್ಕೆ ನೀರು ಎರಚಿಕೊಳ್ಳದೆ ಒದ್ದೆ ಬಟ್ಟೆಯಲ್ಲೇ ಒರೆಸಿಕೊಂಡವರು. ಜೊತೆಗೆ ಎಡ ಮೊಣಕಾಲು ಮಡಚುವುದಿಲ್ಲ. ಹಿಂದಕ್ಕೆ ಮಲಗಿಸಿದರೆ ಆ ಕಾಲು ತಕ್ಕಡಿಯ ಹಾಗೆ ಮೇಲೇಳುತ್ತದೆ. ನಮ್ಮಲ್ಲಿ ಒಂದು ಬೆರಳು ನೀರಿನ ಮೇಲೆ ಉಳಿದರೂ ದೀಕ್ಷೆ ಆಗಲಿಲ್ಲ ಅಂತಲೇ ಲೆಕ್ಕ, ಮತ್ತೆ ಮುಳುಗಿಸಬೇಕು. ಅದನ್ನು ನೋಡಲೆಂದೇ ಇಬ್ಬರು ಸಾಕ್ಷಿಗಳು ನಿಲ್ಲುತ್ತಾರೆ. ಹಾಗಾಗಿ ನೀನು ನಮ್ಮ ಕೋಣೆಯಲ್ಲಿ ಹಾಸಿಗೆ ನೆಲಕ್ಕೆ ಎಳೆದು, ನನ್ನನ್ನೇ ಅಜ್ಜ ಮಾಡಿ, ನಾಲ್ಕು ದಿನ ಅಭ್ಯಾಸ ಮಾಡಿದೆ. ನಿನ್ನ ಬಲಪಾದವನ್ನು ನನ್ನ ಎಡಪಾದದ ಮೇಲೆ ಮೆಲ್ಲಗೆ ಇಟ್ಟು ಒತ್ತಿಹಿಡಿದು ಮಲಗಿಸುವ ಉಪಾಯ ಕಂಡುಹಿಡಿದೆ. ನಾನು ಸೊಟ್ಟಮೂತಿ ಮಾಡಿಕೊಂಡು ನಲವತ್ತು ಸಲ ಬಿದ್ದೆ.

ಆ ಶನಿವಾರ ನನ್ನ ಚೀಲದಲ್ಲಿ ಏನಿತ್ತು ಗೊತ್ತಾ? ನನ್ನ ಬಿಳಿ ದೀಕ್ಷಾ ಉಡುಪು, ಇಸ್ತ್ರಿ ಮಾಡಿ ಮಡಚಿಟ್ಟದ್ದು. ಸಾಕ್ಷಿಗೆ ನಿಲ್ಲುವವನಿಗೆ ಅದು ಬೇಕಾಗಿರಲಿಲ್ಲ. ಯಾಕೆ ಇಟ್ಟುಕೊಂಡೆ ಅಂತ ಆಗ ನನ್ನನ್ನೇ ನಾನು ಕೇಳಿಕೊಳ್ಳಲಿಲ್ಲ.

ಸಭಾಮಂದಿರದೊಳಗಿನ ದೀಕ್ಷಾಕೊಳದ ಒಂದು ಅಂಚಿಗೆ ನಾನು, ಇನ್ನೊಂದು ಅಂಚಿಗೆ ಎರಡನೇ ಸಾಕ್ಷಿ, ನಮ್ಮ ಸಭೆಯ ಪಿಯಾನೊ ಟೀಚರಮ್ಮ. ಸೊಂಟದೆತ್ತರ ಬೆಚ್ಚಗಿನ ನೀರು. ಅಜ್ಜ ನಿನ್ನ ಮುಖವನ್ನೇ ನೋಡುತ್ತಿದ್ದರು. ನೀನು ಕೈಯೆತ್ತಿ ದೀಕ್ಷೆಯ ಮಾತು ಹೇಳಿದೆ, ಮುಳುಗಿಸಿದೆ, ಎತ್ತಿದೆ. ಅಜ್ಜ ಉಸಿರು ಬಿಟ್ಟು ಮಗುವಿನ ಹಾಗೆ ನಕ್ಕರು. ನೀವಿಬ್ಬರೂ ನನ್ನ ಕಡೆ ತಿರುಗಿದಿರಿ.

"ಕಾಲು ಮೇಲೆ ಬಂತು," ಅಂದೆ.

ಟೀಚರಮ್ಮ ಕನ್ನಡಕ ತೆಗೆದು ಒರೆಸುತ್ತಾ, "ನಂಗೆ ಹಬೆ ಕೂತು ಏನೂ ಕಾಣಿಸ್ಲಿಲ್ಲ ಕಣಪ್ಪ" ಅಂದರು. ನನ್ನ ಮಾತೇ ಗಟ್ಟಿಯಾಯಿತು. ಅಜ್ಜನ ನಗು ಇಳಿದುಹೋಯಿತು. ನಿನ್ನ ಕೈ ನಡುಗತೊಡಗಿತು, ಅಷ್ಟು ದೂರದಿಂದಲೇ ಕಾಣುತ್ತಿತ್ತು. "ನನ್ನ ಕೈಲಿ ಆಗಲ್ಲ, ನೀನೇ ಬಾ" ಅಂತ ನನ್ನನ್ನು ಕರೆದೆ. ನಾನು ಒಂದು ಮಾತಿಗೂ ಬೇಡ ಅನ್ನಲಿಲ್ಲ, ಓಡಿಹೋಗಿ ಬಟ್ಟೆ ಬದಲಿಸಿಕೊಂಡು ಬಂದೆ. ನೀನು ಸಾಕ್ಷಿಯ ಜಾಗಕ್ಕೆ ಹತ್ತಿ ನಿಂತೆ, ಅಜ್ಜನನ್ನು ನಾನು ಮತ್ತೆ ಮುಳುಗಿಸಿದೆ. ದಾಖಲೆಯಲ್ಲಿ ನನ್ನ ಹೆಸರು ಬಿತ್ತು. ನೀನು ಒದ್ದೆ ಬಟ್ಟೆಯಲ್ಲೇ ಬಂದು ನನ್ನನ್ನು ತಬ್ಬಿಕೊಂಡೆ. ಮೂರು ವಾರಕ್ಕೆ ನಿನ್ನ ಎರಡು ವರ್ಷದ ಸೇವೆ ಮುಗಿದು ಮನೆಗೆ ಹೋದೆ.

ಕೇಳು. ಕಾಲು ಮೇಲೆ ಬರಲಿಲ್ಲ. ನೀರು ತಿಳಿಯಾಗಿತ್ತು, ಅಜ್ಜನ ಎಡಪಾದದ ಮೇಲೆ ನಿನ್ನ ಬಲಪಾದ ಇದ್ದದ್ದು, ಐದು ಬೆರಳೂ, ನನಗೆ ಕಾಣಿಸಿತು.

ಅವತ್ತಿನಿಂದ ಸಭೆಯಲ್ಲಿ ಯಾರಾದರೂ ಸಾಕ್ಷಿ ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತೇನೆ. ಆದರೂ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಶುಕ್ರವಾರ ಅಜ್ಜನ ಅಂಗಡಿಗೆ ಹೋದಾಗ, ದಿನವೂ ಕೇಳುವ ಹಾಗೆ "ನಗೋ ಹುಡುಗ ಏನು ಬರ್ದಿದಾನೆ?" ಅಂದರು. ನಿನ್ನ ಪತ್ರ ಓದಿ ಹೇಳಿದೆ. ಅವರು ದಬ್ಬಳ ಕೆಳಗಿಟ್ಟರು.

"ಅವನಿಗೆ ನಿಜ ಬರೆದುಬಿಡಿ ಮೇಷ್ಟ್ರೇ."

ಯಾವ ನಿಜ ಅಂದೆ.

"ಕಾಲು ನಂದಲ್ವಾ? ಮೇಲೆ ಬಂದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ? ಅವನ ಕಾಲು ನನ್ನ ಕಾಲ ಮೇಲೆ ಗಟ್ಟಿಯಾಗಿ ಕೂತಿತ್ತು."

ಮತ್ತೆ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ.

"ನಿಮ್ಮ ಮುಖ ನೋಡ್ದೆ. ಹಸಿದೋರ ಮುಖ ಆಗಿತ್ತು. ಇನ್ನೊಂದ್ಸಲ ಮುಳುಗಿದ್ರೆ ಸತ್ತೇನೂ ಹೋಗಲ್ಲ ಅಂತ ಧೈರ್ಯ ಮಾಡ್ದೆ. ಆ ಹುಡುಗ ಇದನ್ನ ಮನೆತನಕ ಹೊತ್ಕೊಂಡು ಹೋಗ್ತಾನೆ ಅಂತ ಗೊತ್ತಾಗ್ಲಿಲ್ಲ ನೋಡಿ. ಅದು ನನ್ನ ತಪ್ಪು."

ಅರವತ್ತು ವರ್ಷ ನೀರಿಗೆ ಹೆದರಿದ ಮನುಷ್ಯ ನನಗೋಸ್ಕರ ಎರಡನೇ ಸಲ ಮುಳುಗಿದರು. ಅತ್ತೆ ಕಣೋ, ಆ ಗೂಡಂಗಡಿಯಲ್ಲಿ ಕೂತು ಅತ್ತೆ. ಇನ್ನೊಂದು ನಿಜವನ್ನೂ ಹೇಳಿಬಿಡಲಾ? ಅಳುತ್ತಲೇ ಹೊಟ್ಟೆ ಉರಿಯಿತು. ನಿನಗೆ ಸಿಕ್ಕಿದ್ದು ಅವರ ನಂಬಿಕೆ, ನನಗೆ ಸಿಕ್ಕಿದ್ದು ಕರುಣೆ. ಹುಟ್ಟುಗುಣ ಅಷ್ಟು ಬೇಗ ಹೋದೀತಾ?

ಗುರುವಾರ ಮಿಷನ್ ಅಧ್ಯಕ್ಷರ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ. ನನಗಿನ್ನೂ ಏಳು ತಿಂಗಳಿದೆ, ಮನೆಗೆ ಕಳಿಸಿದರೂ ಕಳಿಸಬಹುದು. ಅಮ್ಮ ಆಗ ಹತ್ತು ಪುಟದಷ್ಟು ಬೈಯುತ್ತಾಳೇನೋ. ಅದರ ಚಿಂತೆ ನಿನಗೆ ಬೇಡ.

ನೀನು ಇಷ್ಟು ಮಾಡು. ಪತ್ರ ಮಡಚಿಟ್ಟು ಅಕ್ಕನ ಮನೆಗೆ ಹೋಗು. ಆ ಮಗುವಿಗೆ ಹೂಂ ಅನ್ನು. ನೆಲಕ್ಕೆ ಹಾಸಿಗೆ ಎಳೆದು ಎರಡು ದಿನ ಅಭ್ಯಾಸ ಮಾಡಿಸು, ಮಕ್ಕಳಿಗೆ ಅದು ಆಟ. ಕೈ ನಡುಗಿದರೆ ನಡುಗಲಿ, ಅವಳ ಪಾದದ ಮೇಲೆ ನಿನ್ನ ಪಾದ ಇಡುವುದನ್ನು ಮಾತ್ರ ಮರೆಯಬೇಡ. ಬೂಟಜ್ಜ ಪೂರ್ತಿ ಮುಳುಗಿದ್ದರು, ಮೊದಲನೇ ಸಲವೇ, ನಿನ್ನ ಕೈಯಲ್ಲೇ. ಅದಕ್ಕೆ ನಾನೇ ಸಾಕ್ಷಿ.

ಮೆಷಿನ್ನು ನಿಂತಿತು, ಅಂಗಿಗಳನ್ನು ತೆಗೆಯಬೇಕು. ನಿನ್ನ ಹೊಟ್ಟೆ ಸದಾ ತಣ್ಣಗಿರಲಿ ಗೆಳೆಯ. ನನ್ನದು ಮೆಲ್ಲಗೆ ತಣ್ಣಗಾಗುತ್ತಿದೆ.

ನಿನ್ನ,
ಮೇಷ್ಟ್ರು