ಅಟ್ಲಾಂಟಿಕ್ ಪಟ್ಟದ ವೈರಿಗಳು

ಮಾಂಕ್ಟನ್, ನ್ಯೂ ಬ್ರನ್ಸ್‌ವಿಕ್
ನವೆಂಬರ್ 1998

ಮರ್ಡಾಕ್ ಅವರಿಗೆ,

ಇಲ್ಲಿನ ಮ್ಯೂಸಿಯಮ್ಮಿನವರು ಅಟ್ಲಾಂಟಿಕ್ ಕುಸ್ತಿ ಪಟ್ಟದ ಚರಿತ್ರೆ ಬರೆಯುತ್ತಿದ್ದಾರೆ. ನೀವೂ ನನ್ನ ಗಂಡ ಆಲ್ಫಿಯೂ ವರ್ಷಗಟ್ಟಲೆ ಆ ಪಟ್ಟದ ಬೆಲ್ಟನ್ನು ಒಬ್ಬರಿಂದೊಬ್ಬರು ಕಿತ್ತುಕೊಂಡ ಕಡುವೈರಿಗಳಾಗಿದ್ದಿರಂತೆ. ನಾನು ತಿದ್ದಲು ಹೋಗಲಿಲ್ಲ.

ಪಂದ್ಯ ಮುಗಿದ ಮೇಲೆ ನೀವು ನಮ್ಮ ಹಿಂಬಾಗಿಲಿನಿಂದ ಬಂದು ಮೀನಿನ ಸಾರು ಉಣ್ಣುತ್ತಿದ್ದಿರಿ. "ಮುಂಬಾಗ್ಲಿಂದ ಬಂದೀಯ ಮಾರಾಯ, ನಾವು ದೋಸ್ತರು ಅಂತ ಗೊತ್ತಾದ್ರೆ ನಾಳೆ ಒಂದು ನರಪಿಳ್ಳೆಯೂ ಟಿಕೆಟ್ ತಗೊಳಲ್ಲ" ಎಂದು ಆಲ್ಫಿ ಪ್ರತಿ ಸಲವೂ ಹೇಳುತ್ತಿದ್ದ.

ಮೊನ್ನೆ ಅವನನ್ನು ಮಣ್ಣು ಮಾಡುವಾಗ ನೀವು ಟೋಪಿ ಕೈಯಲ್ಲಿ ಹಿಡಿದು ರಸ್ತೆಯಾಚೆಯೇ ನಿಂತಿದ್ದಿರಿ. ಇಲ್ಲಿ ಕುಸ್ತಿ ನಿಂತು ಎಷ್ಟೋ ವರ್ಷವಾಯಿತು, ಮರ್ಡಾಕ್.

ಬೆಲ್ಟನ್ನು ಮ್ಯೂಸಿಯಮ್ಮಿಗೆ ಮುಟ್ಟಿಸಬೇಕು. ಭಾರ ಇದೆ, ನನ್ನಿಂದ ಎತ್ತಲಾಗುವುದಿಲ್ಲ. ಭಾನುವಾರ ಊಟಕ್ಕೆ ಬನ್ನಿ. ಹಿಂಬಾಗಿಲಿಗೆ ಮೊಳೆ ಹೊಡೆಸಿ ಮುಚ್ಚಿಸಿದ್ದೇನೆ.

ಇಂತಿ,
ಲೊರೆಟ್