ಇಪ್ಪತ್ತು ವರ್ಷದವರು ಎದ್ದು ನಿಲ್ಲಿ

ಅಕ್ಟೋಬರ್ 3, 1979. ಬುಧವಾರ, ಬೆಳಿಗ್ಗೆ 6.40

ಕಾಲೇಜ್ ಹಾಸ್ಟೆಲಿನ ಬಾತ್‌ರೂಮ್ ಕ್ಯೂನಲ್ಲಿ ಆರನೆಯವಳು. ಎಂಟಕ್ಕೆ ಕೆಮಿಸ್ಟ್ರಿ ಟೆಸ್ಟ್. ಓದಿದ್ದೆಲ್ಲ ಆವಿ. ಇನ್ನೊಮ್ಮೆ ಓದೋಣ ಅಂತ ಕೂತರೆ ಟ್ವೈಲಾ ಮತ್ತೆ ಅದೇ ರೆಕಾರ್ಡ್ ಹಾಕಿದಳು. ರೂಂಮೇಟ್ ಆಗಿ ಐದು ವಾರ. ಐದು ವಾರವೂ ಹಲ್ಲುಜ್ಜುವ ಮೊದಲೇ ಹೋಬಾರ್ಟ್ ಮತ್ತು ವರ್ನಾ ಜೋಡಿಯ ಹಾಡು.

"ಒಂದೇ ಮೈಕಲ್ಲಿ ಹಾಡ್ತಾರೆ ಕಣೇ. ಮೂಗಿಗೆ ಮೂಗು ತಾಗಬೇಕು, ಹಂಗೆ. ಮದುವೆ ಆದ್ರೆ ಹಿಂಗೆ ಇರಬೇಕು."

ಅವಳ ಅಜ್ಜ ಅಜ್ಜಿ ಜಗಳ ಆಡಿದರೆ ಅಜ್ಜ ಕ್ಷಮಿಸು ಅನ್ನುವುದಿಲ್ಲವಂತೆ. ಈ ರೆಕಾರ್ಡ್ ಹಾಕಿ ಸುಮ್ಮನೆ ಕೂತುಬಿಡುತ್ತಾನೆ. ಅಜ್ಜಿ ಅಡುಗೆಮನೆಯಿಂದ ಹೆಂಗಸಿನ ಸಾಲು ಹಾಡಿದರೆ ರಾಜಿ. ಹಾಡದಿದ್ದರೆ ರಾತ್ರಿ ಊಟ ತಣ್ಣಗಿನ ಜೋಳದ ರೊಟ್ಟಿ.

"ನೀನು ಹೋಬಾರ್ಟ್ ವರ್ನಾರನ್ನ ನೋಡೇ ಇಲ್ವಾ?"

ಇಲ್ಲ ಅಂದೆ.

ಹೋಬಾರ್ಟ್ ಸ್ಟ್ಯಾಂಪರ್ ನನ್ನ ಅಪ್ಪ. ಮದುವೆಯಾಗಿರುವುದು ನನ್ನ ಅಮ್ಮನನ್ನು, ವರ್ನಾಳನ್ನಲ್ಲ. ಇಲ್ಲಾದರೂ ಬರೆದಿಡುತ್ತೇನೆ.

ಅಕ್ಟೋಬರ್ 5, ಶುಕ್ರವಾರ

ಟೆಸ್ಟ್ ಹೋಯಿತು. ನೂರಕ್ಕೆ ನಲವತ್ತೊಂದು.

ಅಮ್ಮನಿಗೆ ಫೋನ್. "ಊಟ ಮಾಡ್ತಿದೀಯಾ? ಕಾಲಿಗೆ ಸಾಕ್ಸ್ ಹಾಕ್ತೀಯಾ?" ಅವಳು ಇಂಗ್ಲೆಂಡಿನ ಹಲ್ ಅನ್ನುವ ಬಂದರಿನ ಹುಡುಗಿ, ಈ ಟೆನೆಸೀ ಬೆಟ್ಟಗಳಿಗೆ ಬಂದು ಇಪ್ಪತ್ತು ವರ್ಷ. ಮಾತಿನ ರಾಗ ಇನ್ನೂ ಬಿಟ್ಟಿಲ್ಲ. ಅಪ್ಪ ಅಲ್ಲಿ ಏರ್‌ಫೋರ್ಸ್‌ನಲ್ಲಿದ್ದಾಗ ಕಟ್ಟಿಕೊಂಡು ಬಂದ. ಮೂರು ವರ್ಷದ ಮೇಲೆ ವರ್ನಾ ಜೊತೆಗಿನ ಮೊದಲ ಹಾಡೇ ರೇಡಿಯೋದಲ್ಲಿ ಓಡಿತು. ಜನ ಅವರನ್ನು ಗಂಡಹೆಂಡತಿ ಅಂದುಕೊಂಡರು. ಮದುವೆಯ ಫೋಟೋ ಕಳಿಸತೊಡಗಿದರು — ನಾವೂ ನಿಮ್ಮ ಹಾಗೆ ಆಗುತ್ತೇವೆ ಅಂತ. ಮ್ಯಾನೇಜರ್ ಅಂದನಂತೆ, "ಅಂದುಕೊಳ್ಳಲಿ ಬಿಡಿ. ನಾವೇನೂ ಸುಳ್ಳು ಹೇಳಿಲ್ಲವಲ್ಲ."

ಯಾರಿಗೂ ಗೊತ್ತಾಗದಿರಲಿ ಅಂತ ನನಗೆ ಅಮ್ಮನ ತೌರಿನ ಅಡ್ಡಹೆಸರು. ಏಳನೇ ವಯಸ್ಸಿಗೇ ವರ್ಜೀನಿಯಾದ ಹಾಸ್ಟೆಲ್.

ಅಪ್ಪ ವರ್ನಾ ಸ್ಟೇಜ್ ಇಳಿದರೆ ಮುಖ ನೋಡುವುದಿಲ್ಲ. ಬಸ್ಸು ಕೂಡ ಬೇರೆ ಬೇರೆ. ಶೋಗೆ ಮುಂಚೆ ವರ್ನಾ ಬೇಕಂತಲೇ ಹಸಿ ಈರುಳ್ಳಿ ತಿನ್ನುತ್ತಾಳೆ. ಒಂದೇ ಮೈಕಲ್ಲವೇ... ಇದನ್ನು ಹೇಳುವಾಗ ಮಾತ್ರ ಅಮ್ಮ ಬಿದ್ದು ಬಿದ್ದು ನಗುತ್ತಾಳೆ.

ಅಕ್ಟೋಬರ್ 9, ಮಂಗಳವಾರ. ಮಧ್ಯಾಹ್ನ

ನಾನೇ ಅಪ್ಪನಿಗೆ ಫೋನ್ ಮಾಡಿದೆ. ಎರಡು ಸಲ ತಪ್ಪು ನಂಬರ್ ತಿರುಗಿಸಿದೆ.

ಇಪ್ಪತ್ತನೇ ತಾರೀಖು ಇದೇ ಊರಿನ ಹೈಸ್ಕೂಲಿನಲ್ಲಿ ಅವರ ಕೊನೆಯ ಶೋ. ಪೋಸ್ಟರಿನಲ್ಲೇ ಇದೆ, ಕೊನೆಯದು ಅಂತ. ಹಾಗಾದರೆ ಇನ್ನು ಯಾರಿಗಾಗಿ ಮುಚ್ಚಿಡಬೇಕು? ಕೇಳಿಯೇಬಿಟ್ಟೆ. ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಒಂದೇ ಒಂದು ಸಲ ಎಲ್ಲರೆದುರು ಹೇಳು, ಇವಳು ನನ್ನ ಹೆಂಡತಿ, ಇವಳು ಮಗಳು.



"ಆಯ್ತು ಪುಟ್ಟಿ. ಕೊನೇ ಹಾಡಿಗೆ ಮುಂಚೆ ದಂಪತಿಗಳನ್ನ ಎಬ್ಬಿಸ್ತೀನಲ್ಲ, ಐದು ವರ್ಷದವರು, ಹತ್ತು ವರ್ಷದವರು ಅಂತ? ಇಪ್ಪತ್ತು ಅಂದಾಗ ನಿಮ್ಮಮ್ಮ ಎದ್ದು ನಿಲ್ಲಲಿ. ಮಿಕ್ಕಿದ್ದು ನನಗೆ ಬಿಡು."

"ಪ್ರಾಮಿಸ್?"

"ಅಯ್ಯೋ, ನಿಮ್ಮಪ್ಪನ್ನ ನಂಬಲ್ವೇನೇ?"

ಅಕ್ಟೋಬರ್ 10

ಅವನು ಹೇಳದಿದ್ದರೆ ನಾನು ಎದ್ದು ಹೇಳುತ್ತೇನೆ. ಇಂಕಿನಲ್ಲೇ ಬರೆದಿದ್ದೇನೆ.

ಅಕ್ಟೋಬರ್ 19, ಶುಕ್ರವಾರ

ಒಂಬತ್ತು ದಿನ ಏನೂ ಬರೆದಿಲ್ಲ. ಉಗುರೆಲ್ಲ ಕಚ್ಚಿ ಮುಗಿಸಿದ್ದೇನೆ. ಟ್ವೈಲಾಳೂ ಬರುತ್ತಾಳಂತೆ, ಅಜ್ಜ ಅಜ್ಜಿಯ ಜೊತೆ. ಅವರದ್ದು ನಲವತ್ತೆಂಟು ವರ್ಷ. ಕೊನೆಗೆ ಏಳುವ, ಎಲ್ಲರಿಗಿಂತ ಹಳೆಯ ಜೋಡಿಗೆ ಬಹುಮಾನ ಒಂದು ಡಬ್ಬ ಜೋಳದ ದಂಟಿನ ಜೋನಿಬೆಲ್ಲ. "ಈ ಸಲ ಡಬ್ಬ ನಮ್ಮದೇ! ಹೋದ ಸಲ ಗೆದ್ದ ಮುದುಕ ತೀರಿಕೊಂಡ" ಅಂತ ಕುಣಿದಾಡುತ್ತಿದ್ದಾಳೆ.

ನಾಳೆ ಇವಳಿಗೂ ಗೊತ್ತಾಗುತ್ತದೆ. ನನ್ನ ಜೊತೆ ಮಾತು ಬಿಡಬಹುದು.

ಅಕ್ಟೋಬರ್ 21, ಭಾನುವಾರ. ಬೆಳಿಗ್ಗೆ 10

ಎಲ್ಲರೂ ಚರ್ಚಿಗೆ ಹೋಗಿದ್ದಾರೆ. ಹೊಟ್ಟೆನೋವು ಅಂದೆ.

ನಿನ್ನೆ ರಾತ್ರಿ, ಹೈಸ್ಕೂಲಿನ ಬಾಸ್ಕೆಟ್‌ಬಾಲ್ ಹಾಲ್. ಮಡಚುವ ಕುರ್ಚಿಗಳು. ಮೂರನೇ ಸಾಲು. ಅಮ್ಮ ಕೂದಲು ಸೆಟ್ ಮಾಡಿಸಿಕೊಂಡು ಬಂದಿದ್ದಳು. ಹದಿನೇಳು ವರ್ಷದಲ್ಲಿ ಗಂಡನ ಶೋ ನೋಡುತ್ತಿರುವುದು ಇದೇ ಮೊದಲು.

ಅವರು ಬಂದರು. ಒಂದೇ ಮೈಕು. ಕಣ್ಣಲ್ಲಿ ಕಣ್ಣು. ನನಗೆ ಈರುಳ್ಳಿ ಗೊತ್ತು, ಎರಡು ಬಸ್ಸು ಗೊತ್ತು. ಆದರೂ ಅಪ್ಪನ ದನಿ ಕೆಳಗಿಳಿದು ವರ್ನಾಳ ದನಿಗೆ ಜಾಗ ಬಿಟ್ಟುಕೊಟ್ಟಾಗ ನನ್ನ ಕೈಯ ರೋಮ ನಿಂತಿತು. ಸ್ವೆಟರ್ ಎಳೆದು ಮುಚ್ಚಿಕೊಂಡೆ. ಪಕ್ಕಕ್ಕೆ ನೋಡಿದರೆ ಅಮ್ಮ ವರ್ನಾಳ ಸಾಲುಗಳಿಗೆ ತುಟಿ ಆಡಿಸುತ್ತಿದ್ದಾಳೆ. ಒಂದಕ್ಷರ ತಪ್ಪದೆ. ಇಷ್ಟು ವರ್ಷ ಮನೆಯಲ್ಲಿ ಒಬ್ಬಳೇ...

ಆಮೇಲೆ ಎಬ್ಬಿಸುವುದು ಶುರು. ಐದು ವರ್ಷದವರು. ಹತ್ತು. ಜೋಡಿ ಜೋಡಿಯಾಗಿ ಏಳುತ್ತಾರೆ, ಕೈ ಹಿಡಿದುಕೊಂಡು, ನಾಚಿಕೊಂಡು.

"ಇಪ್ಪತ್ತು ವರ್ಷದವರು ಎದ್ದು ನಿಲ್ಲಿ!"

ಅಮ್ಮ ಎದ್ದಳು. ಸುತ್ತ ಎಲ್ಲ ಇಬ್ಬಿಬ್ಬರು. ಇವಳೊಬ್ಬಳೇ, ಪರ್ಸನ್ನು ಎರಡೂ ಕೈಯಲ್ಲಿ ಹಿಡಿದು.

ಅಪ್ಪ ನೋಡಿದ. ನೋಡಿದ, ನನಗೆ ಚೆನ್ನಾಗಿ ಗೊತ್ತು. ವರ್ನಾಳೂ ನೋಡಿ ತಲೆ ತಗ್ಗಿಸಿದಳು. ಹಾಲ್ ಪೂರ್ತಿ ಕಾಯುತ್ತಿತ್ತು. ಅವನ ಬಾಯಿ ತೆರೆಯಿತು.

"ಏನಮ್ಮಾ, ಒಬ್ಬರೇ ನಿಂತಿದ್ದೀರಿ? ಯಜಮಾನರನ್ನ ಮೀನು ಹಿಡಿಯೋಕೆ ಬಿಟ್ಟು ಬಂದ್ರಾ?"

ಹಾಲ್ ನಕ್ಕಿತು.

ಈಗ. ಈಗ ಏಳಬೇಕು. ಏಳಲಿಲ್ಲ. ಹಿಂದಿನ ಸಾಲಿನಲ್ಲಿ ಟ್ವೈಲಾ ಇದ್ದಾಳೆ, ಅಷ್ಟೇ ತಲೆಯಲ್ಲಿ.

ಅಮ್ಮ ಹೇಳಿದಳು. ಅವಳ ಆ ಹಲ್ ರಾಗದಲ್ಲಿ, ತುಂಬ ಸ್ಪಷ್ಟವಾಗಿ: "ಕೆಲಸದ ಮೇಲಿದ್ದಾರೆ ಸ್ವಾಮಿ. ಇಪ್ಪತ್ತು ವರ್ಷದಿಂದ."

ಜನ ಕುರ್ಚಿ ಬಡಿದು ನಕ್ಕರು. ಅಪ್ಪನೂ ನಕ್ಕ. ನಿಜವಾದ ನಗು, ಬಚಾವಾದವನ ನಗು. "ಇಪ್ಪತ್ತೈದು!" ಅಂದ.

ನಲವತ್ತೆಂಟಕ್ಕೆ ಟ್ವೈಲಾಳ ಅಜ್ಜಿಗೆ ಡಬ್ಬ ಸಿಕ್ಕಿತು.

ಕಾರಿನಲ್ಲಿ ಕಿರುಚಿದೆ. ಯಾಕಮ್ಮ, ಯಾಕೆ ಅವನನ್ನ ಉಳಿಸಿದೆ?

"ಪಾಪ, ಮಾತೇ ಹೊರಡಲಿಲ್ಲ ಅವರಿಗೆ. ಅಷ್ಟು ಜನ ನೋಡ್ತಿದ್ರಲ್ಲ" ಅಂದಳು. ಸ್ವಲ್ಪ ದೂರ ಹೋದ ಮೇಲೆ, "ಹಾಡು ಮಾತ್ರ ಚೆನ್ನಾಗಿ ಹಾಡಿದ್ರು ಅಲ್ವಾ?"

ನೀನು ಯಾಕೆ ಏಳಲಿಲ್ಲ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 22, ಸೋಮವಾರ

ಟ್ವೈಲಾ ಕ್ಯಾಂಟೀನಿನಲ್ಲಿ ಆ ಇಂಗ್ಲಿಷ್ ಹೆಂಗಸಿನ ಕತೆಯನ್ನು ಎಲ್ಲರಿಗೂ ಹೇಳುತ್ತಿದ್ದಾಳೆ. ರಾಗ ಸಮೇತ. ಅವಳ ಪಕ್ಕ ಕೂತಿದ್ದು ನೀನಲ್ವಾ, ಪರಿಚಯವಾ ಅಂದಳು. ಸೀಟು ಖಾಲಿ ಇತ್ತು, ಕೂತೆ ಅಂದೆ.

ಹದಿನೇಳು ವರ್ಷ ಅಪ್ಪ ಹೇಳಿದ್ದೂ ಇದನ್ನೇ, ಪರಿಚಯವಿಲ್ಲ ಅಂತ. ನನಗೆ ಒಂದು ಸೆಕೆಂಡೂ ಬೇಕಾಗಲಿಲ್ಲ.

ಅಕ್ಟೋಬರ್ 25, ಗುರುವಾರ. ಸಂಜೆ 5

ಅಪ್ಪನ ಫೋನ್. ಕ್ಷಮಿಸು ಅನ್ನುತ್ತಾನೆ ಅಂತ ಗೋಡೆಗೆ ಒರಗಿ ನಿಂತೆ.

"ಪುಟ್ಟಿ, ನಿಮ್ಮಮ್ಮ ಅದ್ಭುತ ಕಣೇ! ಈ ವರ್ಷದಲ್ಲೇ ಅಂಥಾ ನಗು ಬಂದಿಲ್ಲ. ಜನ ಬಿಡ್ತಾನೇ ಇಲ್ಲ, ಇನ್ನೂ ಆರು ಊರು ಒಪ್ಕೊಂಡಿದೀವಿ. ವರ್ನಾನೇ ಅಂದ್ಲು, ಆ ಎದ್ದು ನಿಲ್ಲೋದನ್ನ ಶೋನಲ್ಲೇ ಸೇರಿಸೋಣ ಅಂತ. ಪ್ರತಿ ಊರಲ್ಲೂ, ಮೂರನೇ ಸಾಲಿನಲ್ಲಿ."

ಫೋನ್ ಇಟ್ಟೆ. ಅಮ್ಮನಿಗೆ ತಿರುಗಿಸಿದೆ. ಮೊದಲ ರಿಂಗಿಗೇ ಎತ್ತಿದಳು.

ಒಪ್ಪಿದ್ದಾಳೆ.

ವಾರಕ್ಕೊಂದು ಸಲ ಅವರ ಜೊತೆ ಪ್ರಯಾಣ ಮಾಡಬಹುದಂತೆ. ಅವನ ಬಸ್ಸಿನಲ್ಲೇ. 'ಕೆಲಸದ ಮೇಲಿದ್ದಾರೆ' ಅನ್ನುವ ಮಾತನ್ನ ಇನ್ನಷ್ಟು ನಿಧಾನಕ್ಕೆ ಹೇಳಬೇಕು ಅಂದನಂತೆ ಅಪ್ಪ, ಇಪ್ಪತ್ತು ವರ್ಷ ಅನ್ನುವ ಮೊದಲು ಒಂದು ಉಸಿರು ಬಿಡಬೇಕಂತೆ. "ಕೇಳು, ಹೇಗಿದೆ ಹೇಳು" ಅಂದಳು. ಫೋನಿನಲ್ಲೇ ಹೇಳಿ ತೋರಿಸಿದಳು. ಎರಡು ಸಲ.

ಎರಡನೆಯದು ಚೆನ್ನಾಗಿದೆ ಅಂದೆ. ಚೆನ್ನಾಗಿಯೇ ಇತ್ತು. ಅವತ್ತು ನಾನು ಯಾಕೆ ಏಳಲಿಲ್ಲ—