ಕೈ ಮೇಲೆದ್ದ ದಿನ

ಪ್ರೀತಿಯ ಅಕ್ಕ,

ಇವರ ತೋಳಿನ ಮೂಳೆ ಕೂಡಿದೆ. ಮುರಿದಾಗಿನಿಂದ ಮನೆಯಲ್ಲಿ ಏಟಿಲ್ಲ, ಕೂಗಾಟವಿಲ್ಲ. ಹಳೆಯದೆಲ್ಲ ಮರೆತೇಹೋಯಿತು ಅಂದುಕೊಂಡಿದ್ದೆ. ವ್ಯಾಯಾಮ ಮಾಡಿಸುವ ಹುಡುಗಿ ಬಂದಾಗ ಇವರ ಮೊಣಕೈಗೆ ಆಸರೆ ಕೊಟ್ಟು ನಾನೇ ನಿಲ್ಲುತ್ತಿದ್ದೆ.

ಇವತ್ತು ಆಕೆ, "ಗೋಡೆ ಹಿಡಿಯದೆ ಕೈ ಎತ್ತಿ ನೋಡಿ ಸಾರ್" ಅಂದಳು. ಇವರ ಕೈ ಸರಕ್ಕನೆ ತಲೆಗಿಂತ ಮೇಲೆ ಹೋಯಿತು. ಮರುಕ್ಷಣ ನಾನು ಮುಖ ಮುಚ್ಚಿಕೊಂಡು ಬೀರುವಿನ ಪಕ್ಕ ಕುಕ್ಕರಿಸಿದ್ದೆ.

"ಯಾಕೇ, ಏನಾಯ್ತೇ ನಿಂಗೆ?" ಅಂದರು ಇವರು. ಅವರಿಗೆ ನಿಜವಾಗಿಯೂ ಹೊಳೆದಿರಲಿಲ್ಲ, ಅಕ್ಕ.

ಭಾನುವಾರ ಮಗಳನ್ನು ಕರೆದುಕೊಂಡು ಬರುತ್ತೇನೆ. ನಿನ್ನ ಹೊಲಿಗೆಯ ಕೋಣೆಯಲ್ಲಿ ನಮ್ಮಿಬ್ಬರಿಗೆ ಜಾಗ ಮಾಡು. ಎಷ್ಟು ದಿನಕ್ಕೆ ಅಂತ ಭಾವ ಕೇಳಿದರೆ, ವಾಪಸು ಹೋಗುವುದಿಲ್ಲವಂತೆ ಅನ್ನು.

ನಿನ್ನ ತಂಗಿ